ಗೋಲ್ಡ್‌ಫಿಶ್ ಮೈಮೇಲೆ ಬಿಳಿ ಚುಕ್ಕೆ: ಔಷಧಿ ಮೀನಿಗಾ, ನೀರಿಗಾ?

ಪ್ರಶ್ನೆ, ಶಿರಸಿಯಿಂದ: ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲದ ಟ್ಯಾಂಕ್ ಇದೆ. ಮೂರು ಗೋಲ್ಡ್‌ಫಿಶ್ ಇದ್ದವು. ಹೋದ ವಾರ ಹುಬ್ಬಳ್ಳಿಯಿಂದ ಇನ್ನೊಂದು ತಂದು ಬಿಟ್ಟೆವು. ಈಗ ಎರಡು ಮೀನುಗಳ ಮೈಮೇಲೆ, ಬಾಲದ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದಿದೆ. ಕಲ್ಲಿಗೆ ಮೈ ಉಜ್ಜುತ್ತವೆ. ಒಂದಂತೂ ಮೇಲೆ ಬಂದು ಬಾಯಿ ತೆರೆಯುತ್ತಲೇ ಇರುತ್ತದೆ. ಬಾವಿ ನೀರು ಬಳಸುತ್ತೇವೆ, ಮಳೆ ಶುರುವಾದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದೇವೆ. ಅಂಗಡಿಯವರು ನೀಲಿ ಔಷಧಿ ಕೊಟ್ಟು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕಲ್ಲು, ಫಿಲ್ಟರ್ ಎಲ್ಲ ತೊಳೆದು ಹೊಸ ನೀರು ತುಂಬಿ ಅಂದರು. ಹಾಗೇ ಮಾಡಲಾ? ಕರೆಂಟು ಬೇರೆ ಹೋಗಿ ಬಂದು ಮಾಡುತ್ತಿದೆ.

ಉತ್ತರ, ಮೀನು ಆರೋಗ್ಯ ತಜ್ಞೆ, ಕಾರವಾರ: ದಯವಿಟ್ಟು ಪೂರ್ತಿ ಖಾಲಿ ಮಾಡಬೇಡಿ, ಫಿಲ್ಟರ್ ಸ್ಪಂಜನ್ನು ಬಾವಿ ನೀರಲ್ಲಿ ತೊಳೆಯಬೇಡಿ. ಮೊದಲು ಅದೇ ಮುಖ್ಯ.

ಮೀನಿನ ಹೇಲು, ಉಳಿದ ತಿಂಡಿ ಎಲ್ಲದರಿಂದ ನೀರಲ್ಲಿ ಅಮೋನಿಯಾ ಸೇರುತ್ತದೆ. ಅದು ವಿಷ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಈ ಬ್ಯಾಕ್ಟೀರಿಯಾ ಬೆಳೆದು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಬ್ಲೀಚಿಂಗ್ ಪೌಡರ್‌ನ ಕ್ಲೋರಿನ್ ತಾಗಿದರೆ ಅವು ಒಂದೇ ದಿನದಲ್ಲಿ ಸಾಯುತ್ತವೆ. ಆಗ ರೋಗದ ಮೀನಿಗೆ ಅಮೋನಿಯಾದ ಕಾಟವೂ ಸೇರಿಕೊಳ್ಳುತ್ತದೆ. ಹೀಗೆ ಸತ್ತ ಮೀನುಗಳನ್ನು ತುಂಬಾ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನೀವು ಹೇಳಿದ ಲಕ್ಷಣ ಬಿಳಿಚುಕ್ಕೆ ರೋಗದ್ದು. ಸಾಕುವವರು ಇಕ್ ಅನ್ನುತ್ತಾರೆ. ಹೊಸ ಮೀನಿನ ಜೊತೆ ಬಂದಿರುವ ಸಾಧ್ಯತೆಯೇ ಜಾಸ್ತಿ. ಇದು ಒಂದೇ ಜೀವಕೋಶದ ಪರಾವಲಂಬಿ. ಮೀನಿನ ಚರ್ಮದೊಳಗೆ, ಕಿವಿರಿನೊಳಗೆ ಹೊಕ್ಕು ಬೆಳೆಯುತ್ತದೆ. ನಿಮಗೆ ಕಾಣುವ ಚುಕ್ಕೆ ಅದೇ. ಬೆಳೆದ ಮೇಲೆ ಮೀನನ್ನು ಬಿಟ್ಟು ತಳಕ್ಕೆ ಬೀಳುತ್ತದೆ, ಕಲ್ಲಿಗೆ ಅಂಟಿಕೊಂಡು ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳು ಈಜುತ್ತಾ ಮತ್ತೆ ಮೀನನ್ನು ಹುಡುಕುತ್ತವೆ. ಎರಡು ದಿನದೊಳಗೆ ಸಿಗದಿದ್ದರೆ ಬಹುತೇಕ ಸಾಯುತ್ತವೆ.

ಚರ್ಮದೊಳಗೆ ಇರುವಾಗಲೂ, ಕಲ್ಲಿಗೆ ಅಂಟಿ ಗೂಡು ಕಟ್ಟಿಕೊಂಡಿರುವಾಗಲೂ ಅದಕ್ಕೆ ಔಷಧಿ ಹೆಚ್ಚು ತಾಗುವುದಿಲ್ಲ. ನೀರಲ್ಲಿ ಈಜುವ ಮರಿಗಳಿಗೆ ಮಾತ್ರ ತಾಗುತ್ತದೆ. ಹಾಗಾಗಿ ಚಿಕಿತ್ಸೆ ಕೊಡಬೇಕಾದ್ದು ಇಡೀ ಟ್ಯಾಂಕಿಗೆ. ಎರಡು ಮೀನು ತೆಗೆದು ಬಕೆಟ್‌ಗೆ ಹಾಕಿದರೆ ಉಳಿದ ಎರಡಕ್ಕೆ ಬಂದೇ ಬರುತ್ತದೆ.

ಸದ್ಯಕ್ಕೆ ಔಷಧಿಯಾಗಿ ಉಪ್ಪೊಂದೇ ಸಾಕು. ಟ್ಯಾಂಕ್ ಅಳೆದು 60 ಸೆಂ.ಮೀ. ಉದ್ದ, 30 ಅಗಲ, ನೀರಿನ ಎತ್ತರ 25 ಇದ್ದರೆ, ಮೂರನ್ನೂ ಗುಣಿಸಿ 1000ದಿಂದ ಭಾಗಿಸಿ. 45 ಲೀಟರ್ ಆಯಿತು. ಕಲ್ಲಿನ ಜಾಗ ಕಳೆದರೆ ಸುಮಾರು 40. ಲೀಟರಿಗೆ 2 ಗ್ರಾಂನಂತೆ 80 ಗ್ರಾಂ ಉಪ್ಪು. ಅಂದಾಜಿಗೆ ಹಾಕಬೇಡಿ, ತೂಗಿ. ಟ್ಯಾಂಕಿನದೇ ನೀರನ್ನು ಮಗ್‌ನಲ್ಲಿ ತೆಗೆದು, ಅದರಲ್ಲಿ ಪೂರ್ತಿ ಕರಗಿಸಿ, ಮೂರು ಕಂತಿನಲ್ಲಿ, ಕಂತಿನ ನಡುವೆ ಹನ್ನೆರಡು ಗಂಟೆ ಬಿಟ್ಟು ಹಾಕಿ. ಹರಳು ನೇರ ಸುರಿದರೆ ಮೀನಿನ ಮೈ ಸುಡುತ್ತದೆ. ಗಿಡಗಳಿದ್ದರೆ ತೆಗೆದು ಬೇರೆ ಪಾತ್ರೆಯಲ್ಲಿಡಿ, ಉಪ್ಪು ಅವಕ್ಕೆ ಆಗುವುದಿಲ್ಲ.

ದಿನ ಬಿಟ್ಟು ದಿನ ಪೈಪ್ ಹಾಕಿ ತಳದ ಕಸ ಎಳೆದು ಹತ್ತು ಲೀಟರ್ ನೀರು ತೆಗೆಯಿರಿ. ಕಲ್ಲಿಗೆ ಅಂಟಿದ ಗೂಡುಗಳೂ ಅದರ ಜೊತೆ ಹೋಗುತ್ತವೆ. ತುಂಬುವ ನೀರನ್ನು ಹಿಂದಿನ ದಿನವೇ ಅಗಲ ಬಕೆಟ್‌ನಲ್ಲಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ, ಕ್ಲೋರಿನ್ ತೆಗೆಯುವ ಥಯೋಸಲ್ಫೇಟ್ ದ್ರಾವಣ ಹಾಕಿ. ಹೊಸ ಹತ್ತು ಲೀಟರಿಗೆ ಹೊಸದಾಗಿ 20 ಗ್ರಾಂ ಉಪ್ಪು ಅಷ್ಟೇ, ಮತ್ತೆ 80 ಅಲ್ಲ. ಉಪ್ಪು ಆವಿಯಾಗುವುದಿಲ್ಲ, ಟ್ಯಾಂಕಿನಲ್ಲೇ ಉಳಿಯುತ್ತದೆ.

ಬಾಯಿ ತೆರೆಯುತ್ತಿರುವ ಮೀನಿನ ಕಿವಿರಿಗೂ ರೋಗ ಹತ್ತಿರಬಹುದು. ಅದು ಉಳಿಯುತ್ತದೆ ಅಂತ ಖಾತ್ರಿ ಕೊಡಲಾರೆ. ಆದರೆ ಏರ್ ಪಂಪ್ ಇವತ್ತೇ ಹಗಲು ರಾತ್ರಿ ಓಡಲಿ. ಬ್ಯಾಟರಿಯ ಪಂಪ್ ಸಿಕ್ಕಿದರೆ ತನ್ನಿ. ಕರೆಂಟು ಇಲ್ಲದಾಗ ಲೋಟದಲ್ಲಿ ನೀರು ಎತ್ತಿ ಮೇಲಿಂದ ಸುರಿಯಿರಿ, ಗಾಳಿ ಸೇರುತ್ತದೆ.

ಶಿರಸಿ: ಹೀಟರ್ ಹಾಕಬೇಕು ಅಂತ ಎಲ್ಲ ಕಡೆ ಹೇಳುತ್ತಾರಲ್ಲ? ಆ ನೀಲಿ ಔಷಧಿ ಏನು ಮಾಡಲಿ?

ಉತ್ತರ: ಬಿಸಿಯಲ್ಲಿ ಪರಾವಲಂಬಿಯ ಚಕ್ರ ಬೇಗ ಮುಗಿಯುತ್ತದೆ, ಔಷಧಿಗೆ ಬೇಗ ಸಿಗುತ್ತದೆ. ಹೀಟರ್ ಹಾಕುವುದು ಅದಕ್ಕೆ. 25 ಡಿಗ್ರಿಯಲ್ಲಿ ಒಂದು ವಾರದೊಳಗೆ ಆಗುವ ಚಕ್ರಕ್ಕೆ ತಣ್ಣೀರಲ್ಲಿ ಎರಡು ವಾರ ಹಿಡಿಯಬಹುದು. ಆದರೆ ನಿಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದ್ದರೆ ನೀರು ಕಾದು ಆರಿ, ಕಾದು ಆರಿ ಮೀನು ಸೋಲುತ್ತದೆ. ಬಿಸಿ ನೀರಲ್ಲಿ ಆಮ್ಲಜನಕವೂ ಕಡಿಮೆ. ಗೋಲ್ಡ್‌ಫಿಶ್ ತಂಪಿನ ಮೀನು. ನಾನಾದರೆ ಹೀಟರ್ ಬಿಟ್ಟು, ಉಪ್ಪನ್ನು ಮೂರು ವಾರ ಮುಂದುವರಿಸುತ್ತೇನೆ.

ನೀಲಿ ಔಷಧಿ ಮೆಥಿಲೀನ್ ಬ್ಲೂ ಇರಬೇಕು. ಅದು ಫಿಲ್ಟರ್‌ನ ಬ್ಯಾಕ್ಟೀರಿಯಾಗೂ ಕೆಟ್ಟದ್ದು. ಫಿಲ್ಟರ್ ಇರುವ ಈ ಟ್ಯಾಂಕಿಗೆ ಬೇಡ. ಉಪ್ಪಿಗೆ ಬಗ್ಗದಿದ್ದರೆ ಮಾಲಕೈಟ್ ಗ್ರೀನ್ ಇರುವ ಔಷಧಿಯನ್ನು ಬಾಟಲಿಯ ಅಳತೆಯಂತೆ ಹಾಕಬಹುದು. ಆಗ ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಇಲ್ಲವಾದರೆ ಔಷಧಿಯನ್ನೆಲ್ಲ ಅದೇ ಹೀರುತ್ತದೆ. ಕೈಗವಸು ಹಾಕಿಕೊಂಡೇ ಮುಟ್ಟಿ, ಮಕ್ಕಳ ಕೈಗೆ ಸಿಗದ ಹಾಗಿಡಿ. ತಿನ್ನುವ ಮೀನಿಗೆ ಅದನ್ನು ಬಳಸಲೇಬಾರದು.

ಕಾರವಾರದ ಓದುಗರು: ನಮಗೆ ಸಮುದ್ರ ಮನೆ ಮುಂದೆಯೇ ಇದೆ. ಉಪ್ಪಿನ ಬದಲು ಸಮುದ್ರದ ನೀರೇ ಹಾಕಬಹುದಲ್ವಾ?

ಉತ್ತರ: ಬೇಡ. ತೆರೆದ ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆದರೆ ಕಾಳಿ ನದಿ ಬಂದು ಸೇರುವ ಕಡೆ, ಅದೂ ಮಳೆಗಾಲದಲ್ಲಿ, ಎಷ್ಟಿದೆ ಅಂತ ಅಳೆಯದೆ ಗೊತ್ತಾಗುವುದಿಲ್ಲ. ಬಂದರಿನ ಎಣ್ಣೆ, ಕೊಳಕು ಬೇರೆ. ಸಾಣಿಕಟ್ಟೆಯ ಹರಳುಪ್ಪು ಧಾರಾಳ ಸಿಗುತ್ತದೆ, ಅದನ್ನು ಕರಗಿಸಿ, ಮರಳು ಕೆಳಗೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿ ಹಾಕಿ.

ಕುಮಟಾದಿಂದ: ಅರಿಶಿನ ಹಾಕಿದರೆ ವಾಸಿಯಾಗುತ್ತದೆ ಅಂತಾರೆ. ಕಾಡುಬಾದಾಮಿ ಎಲೆ ಕೂಡ.

ಉತ್ತರ: ಅರಿಶಿನದ ಪುಡಿ ನೀರು ಕೆಡಿಸುತ್ತದೆ, ಈ ರೋಗಕ್ಕೆ ಅದನ್ನು ನಂಬಬೇಡಿ. ಕಾಡುಬಾದಾಮಿ ಎಲೆ ನೀರನ್ನು ಹುಳಿ ಕಡೆಗೆ ಎಳೆಯುತ್ತದೆ. ಫೈಟರ್ ಮೀನಿಗೆ ಸರಿ. ಆದರೆ ನಮ್ಮ ಚಿರೆಕಲ್ಲು ನೆಲದ ಬಾವಿ ನೀರು ಮೊದಲೇ ಮೆದು, ಸ್ವಲ್ಪ ಹುಳಿ. ಗೋಲ್ಡ್‌ಫಿಶ್‌ಗೆ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7ರಿಂದ 8ರ ನಡುವೆ ಇರಬೇಕು. ಪಿಎಚ್ 6ಕ್ಕಿಂತ ಕೆಳಗೆ ಇಳಿದರೆ ಫಿಲ್ಟರ್‌ನ ಬ್ಯಾಕ್ಟೀರಿಯಾಗಳ ಕೆಲಸವೂ ನಿಧಾನವಾಗುತ್ತದೆ. ನಿಮ್ಮ ಊರಲ್ಲಿ ಅಘನಾಶಿನಿಯ ಬಳಚು ತಿಂದು ಚಿಪ್ಪು ಎಸೆಯುತ್ತೀರಲ್ಲ, ಅದನ್ನು ಚೆನ್ನಾಗಿ ಕುದಿಸಿ ತೊಳೆದು, ಒಂದು ಹಿಡಿ ಪುಡಿ ಮಾಡಿ ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಹತ್ತಿರ ಇಡಿ. ನಿಧಾನ ಕರಗುತ್ತಾ ಪಿಎಚ್ ಹಿಡಿದಿಡುತ್ತದೆ. ಇದಕ್ಕೆ ದುಡ್ಡು ಖರ್ಚು ಮಾಡುವ ಅಗತ್ಯವೇ ಇಲ್ಲ.

ಶಿರಸಿ: ಮೇಡಂ, ಮೇಲೆ ಬಾಯಿ ತೆರೆಯುತ್ತಿದ್ದ ಮೀನು ಹೋಯಿತು. ಉಳಿದ ಮೂರರ ಮೈಮೇಲೆ ಈಗ ಒಂದೂ ಚುಕ್ಕೆ ಇಲ್ಲ, ತಿಂಡಿಗೆ ಓಡಿ ಬರುತ್ತವೆ. ಉಪ್ಪು ನಿಲ್ಲಿಸಲಾ?

ಉತ್ತರ: ಅದು ಹೋಗಿದ್ದಕ್ಕೆ ನಿಜವಾಗಲೂ ಬೇಜಾರಾಯಿತು. ಆದರೆ ಈಗ ನಿಲ್ಲಿಸಬೇಡಿ. ಚುಕ್ಕೆ ಮೀನಿನಿಂದ ಉದುರಿದೆ ಅಷ್ಟೇ, ತಳದಲ್ಲಿ ಗೂಡು ಒಡೆಯಲು ಕಾಯುತ್ತಿರಬಹುದು. ಕೊನೆಯ ಚುಕ್ಕೆ ಹೋದ ಮೇಲೂ ಎರಡು ವಾರ ಉಪ್ಪು ಹಾಗೇ ಇರಲಿ. ಆಮೇಲೆ ನೀರು ಬದಲಿಸುವಾಗ ಉಪ್ಪು ಹಾಕದೆ ಸಿಹಿನೀರು ಮಾತ್ರ ತುಂಬುತ್ತಾ ಬಂದರೆ ತಾನೇ ಕಡಿಮೆಯಾಗುತ್ತದೆ. ತೆಗೆದ ಉಪ್ಪುನೀರನ್ನು ಅಡಿಕೆ ಬುಡಕ್ಕಾಗಲಿ ಬಾವಿ ಹತ್ತಿರವಾಗಲಿ ಚೆಲ್ಲಬೇಡಿ. ಮುಂದೆ ಹೊಸ ಮೀನು ತಂದರೆ ಮೂರು ವಾರ ಬೇರೆ ಟಬ್‌ನಲ್ಲಿ, ಬೇರೆ ಬಲೆ, ಬೇರೆ ಪೈಪ್ ಬಳಸಿ ಇಟ್ಟುಕೊಂಡು ನೋಡಿ.

ಇನ್ನೊಂದು ಮಾತು. 40 ಲೀಟರಿನಲ್ಲಿ ಮೂರು ಗೋಲ್ಡ್‌ಫಿಶ್ ಜಾಸ್ತಿಯೇ. ಅವು ಬೆಳೆದರೆ 15 ಸೆಂ.ಮೀ. ದಾಟುತ್ತವೆ.

ಶಿರಸಿ: ಹಾಗಾದರೆ ದೊಡ್ಡದಾದ ಮೇಲೆ ಒಂದೆರಡನ್ನು ಊರ ಕೆರೆಗೆ ಬಿಡಬಹುದಾ?

ಉತ್ತರ: ಖಂಡಿತ ಬೇಡ, ಹೊಳೆಗೂ ಬೇಡ. ಘಟ್ಟದ ಹೊಳೆಗಳಲ್ಲಿ ಬೇರೆಲ್ಲೂ ಇಲ್ಲದ ಮೀನುಗಳಿವೆ. ಹೊರಗಿನ ಮೀನು ಬಿಟ್ಟರೆ ಅದರ ರೋಗವೂ ಜೊತೆಗೆ ಹೋಗುತ್ತದೆ. ಚಿಕಿತ್ಸೆ ಪೂರ್ತಿ ಮುಗಿದ ಮೇಲೆ ಇಲ್ಲೇ ಕೇಳಿ. ಅಂಗಳದಲ್ಲಿ ದೊಡ್ಡ ಸಿಮೆಂಟ್ ತೊಟ್ಟಿ ಇಟ್ಟುಕೊಂಡವರು ಯಾರಾದರೂ ಬಂದು ತೆಗೆದುಕೊಂಡು ಹೋಗುತ್ತಾರೆ.