ಬೂಸ್ಟರ್ ಹಾಕಿದರೂ ಮೋಟಾರ್‌ಹೋಮ್ ಒಳಗೆ ಒಂದೇ ಕಡ್ಡಿ ಸಿಗ್ನಲ್, ಎಲ್ಲಿ ತಪ್ಪಾಗಿದೆ?

ಗಾಲಿಮನೆ:
ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಎಂಟು ತಿಂಗಳಿಂದ ಮೋಟಾರ್‌ಹೋಮ್‌ನಲ್ಲೇ ಇದ್ದೇವೆ. ಅವಳ ಕೆಲಸವೆಲ್ಲ ಫೋನ್ ಮೇಲೆಯೇ. ಹೋದ ವಾರ ಒಂದೇ ಮೀಟಿಂಗ್‌ನಲ್ಲಿ ಮೂರು ಸಲ ಕಾಲ್ ಕಟ್ಟಾಯಿತು. ಕೊನೆಗೆ ಮಳೆಯಲ್ಲಿ ಛತ್ರಿ ಹಿಡಿದು ಹೊರಗೆ ನಿಂತು ಮಾತಾಡಿದಳು. ನನಗೆ ನೋಡಲಾಗಲಿಲ್ಲ, ಹೊರಗಿನ ಮೊಬೈಲ್ ಸಿಗ್ನಲನ್ನು ಹೆಚ್ಚಿಸಿ ಒಳಗೆ ಕೊಡುವ ಬೂಸ್ಟರ್ ತರಿಸಿಬಿಟ್ಟೆ.

ಟಾಪ್ ಮೇಲೆ ನಟ್ಟ ನಡುವೆ ಹೊರಗಿನ ಆಂಟೆನಾ ಕೂರಿಸಿದ್ದೇನೆ. ನೇರ ಅದರ ಕೆಳಗೆ, ಮೇಜಿನ ಹತ್ತಿರ ಒಳಗಿನದು. ಬೂಸ್ಟರ್ ಮೇಲೆ ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ. ಫೋನಿನಲ್ಲಿ ಮಾತ್ರ ಅದೇ ಒಂದು ಕಡ್ಡಿ. ಟಾಪ್ ಫೈಬರ್‌ಗ್ಲಾಸಿನದು. ಇದಕ್ಕಿಂತ ದೊಡ್ಡ ಬೂಸ್ಟರ್ ಬೇಕಾ?

ನೀಲಿವ್ಯಾನ್:
ದೊಡ್ಡದು ಬೇಡ, ಸ್ವಲ್ಪ ತಡೆಯಿರಿ. ಮೊದಲು ಕಡ್ಡಿ ನೋಡುವುದನ್ನು ಬಿಡಿ. ಒಂದೊಂದು ಫೋನ್ ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಟೇಟಸ್ ತೆರೆದರೆ ಡಿಬಿಎಂ ಅಂತ ಸಿಗ್ನಲ್ ಎಷ್ಟು ಬಲವಾಗಿದೆ ಎಂದು ಹೇಳುವ ಒಂದು ಸಂಖ್ಯೆ ಇರುತ್ತದೆ. ಮೈನಸ್ 85 ಅಂದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ಕಷ್ಟ. ಬೂಸ್ಟರ್ ಆಫ್ ಮಾಡಿ ಒಳಗೊಂದು ಸಲ, ಹೊರಗೊಂದು ಸಲ ನೋಡಿ ಬರೆಯಿರಿ.

ದಾರಿಗ:
ನಿಮ್ಮ ಉತ್ತರ ಆ ಕೆಂಪು ದೀಪದಲ್ಲೇ ಇದೆ. ಮೈಕನ್ನು ಸ್ಪೀಕರ್ ಮುಂದೆ ಹಿಡಿದರೆ ಕುಂಯ್ ಅಂತ ಕೂಗುತ್ತದಲ್ವಾ, ಇಲ್ಲೂ ಅದೇ ಆಗುತ್ತಿದೆ. ಒಳಗಿನ ಆಂಟೆನಾ ಬಿಟ್ಟ ಸಿಗ್ನಲನ್ನು ಮೇಲಿನದು ಮತ್ತೆ ಹಿಡಿಯುತ್ತದೆ, ಬೂಸ್ಟರ್ ಅದನ್ನೇ ಮತ್ತೆ ಹೆಚ್ಚಿಸುತ್ತದೆ. ಇದು ಮಿತಿ ಮೀರಿದರೆ ಟವರ್‌ಗೂ ತೊಂದರೆ. ಅದಕ್ಕೇ ಒಳ್ಳೆಯ ಬೂಸ್ಟರ್ ತಾನಾಗಿಯೇ ಶಕ್ತಿ ತಗ್ಗಿಸಿಕೊಂಡು ಕೆಂಪು ದೀಪ ತೋರಿಸುತ್ತದೆ. ದೊಡ್ಡದು ತಂದರೆ ಈ ಕೂಗು ಇನ್ನೂ ಬೇಗ ಶುರುವಾಗುತ್ತದೆ.

ತಗಡಿನ ಟಾಪ್ ಆಗಿದ್ದರೆ ಅದೇ ಎರಡರ ನಡುವೆ ಗೋಡೆಯಾಗುತ್ತಿತ್ತು. ಫೈಬರ್‌ಗ್ಲಾಸ್ ಸಿಗ್ನಲನ್ನು ಹೆಚ್ಚುಕಡಿಮೆ ಹಾಗೇ ಬಿಡುತ್ತದೆ. ನನ್ನ ಹಳೆಯ ಗಾಡಿಯೂ ಫೈಬರ್‌ಗ್ಲಾಸಿನದೇ. ಎರಡು ತಿಂಗಳು ಒದ್ದಾಡಿದ ಮೇಲೆ ಗೊತ್ತಾಯಿತು. ಹೊರಗಿನ ಆಂಟೆನಾವನ್ನು ಹಿಂದಿನ ಏಣಿಗೆ ಒಂದು ಕಂಬ ಕಟ್ಟಿ ಅದರ ತುದಿಗೆ ಹಾಕಿ. ಒಳಗಿನದನ್ನು ಮುಂದೆ, ಡ್ರೈವರ್ ಸೀಟಿನ ಕಡೆಗೆ ಒಯ್ಯಿರಿ. ಮುಖ ಇರುವ ಆಂಟೆನಾ ಆದರೆ ಮುಖ ಮುಂದಕ್ಕಿರಲಿ, ಏಣಿಯ ಕಡೆ ಬೇಡ. ಇನ್ನೂ ಕೂಗಿದರೆ ಹೊರಗಿನ ಆಂಟೆನಾದ ಬುಡಕ್ಕೆ ಅಗಲವಾದ ತಗಡು ಕೊಡಿ.

ಕೇಬಲ್ ತೆಳ್ಳಗಿದೆಯಾ? ಹತ್ತು ಮೀಟರ್ ತೆಳು ಕೇಬಲ್ ಎಳೆದರೆ ಬಂದ ಸಿಗ್ನಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ. ದಪ್ಪ ಕೇಬಲ್ ಹಾಕಿ, ಬೇಕಾದಷ್ಟೇ ಉದ್ದ ಇಟ್ಟುಕೊಳ್ಳಿ.

ಇನ್ನೊಂದು ಮುಖ್ಯ ಮಾತು. ಕೆಲವು ದೇಶಗಳಲ್ಲಿ ಒಪ್ಪಿಗೆ ಮುದ್ರೆ ಇರುವ ಬೂಸ್ಟರ್ ಮಾತ್ರ ಬಳಸಬಹುದು. ಕೆಲವು ಕಡೆ ಅನುಮತಿ ಇಲ್ಲದೆ ಹಾಕುವುದೇ ಅಪರಾಧ. ಗಡಿ ದಾಟುವ ಮುಂಚೆ ಅಲ್ಲಿನ ನಿಯಮ ನೋಡಿಕೊಳ್ಳಿ.

ಗಾಲಿಮನೆ:
ನಿನ್ನೆ ಇಡೀ ಮಧ್ಯಾಹ್ನ ಇದೇ ಕೆಲಸ. ಬೂಸ್ಟರ್ ಆಫ್ ಇದ್ದಾಗ ಹೊರಗೆ ಮೈನಸ್ 107, ಒಳಗೆ ಮೈನಸ್ 112. ಕಂಬ ಕಟ್ಟಿ ಆಂಟೆನಾ ಮೇಲೇರಿಸಿದೆ. ಒಳಗಿನದನ್ನು ಒಂದೊಂದೇ ಗೇಣು ಮುಂದೆ ಸರಿಸುತ್ತಾ ಹೋದೆ. ಡ್ರೈವರ್ ಸೀಟಿನ ಹಿಂದೆ ಬಂದಾಗ ಕೆಂಪು ದೀಪ ಹಸಿರಾಯಿತು! ಫೋನನ್ನು ಆಂಟೆನಾ ಪಕ್ಕ ಇಟ್ಟರೆ ಮೈನಸ್ 91. ಆದರೆ ಒಂದು ಮೊಳ ದೂರ ಹಿಡಿದರೆ ಮೈನಸ್ 103ಕ್ಕೆ ಇಳಿಯುತ್ತದೆ. ಹೀಗೇನಾ? ಇನ್ನೊಂದು ವಿಚಿತ್ರ: ಕಾಲ್ ಈಗ ಕಟ್ಟಾಗುತ್ತಿಲ್ಲ, ಆದರೆ ಇಂಟರ್ನೆಟ್ ಮೊದಲಿಗಿಂತ ನಿಧಾನ.

ದಾರಿಗ:
ತುಂಬಾ ಖುಷಿಯಾಯಿತು. ಹೌದು, ಗಾಡಿಯ ಬೂಸ್ಟರ್ ಅಷ್ಟೇ ದೂರ ಮುಟ್ಟುವುದು. ಫೋನಿಗೆ ಅಲ್ಲೇ ಒಂದು ಜಾಗ ಮಾಡಿ, ಮಾತಿಗೆ ಇಯರ್‌ಫೋನ್ ಹಾಕಿಕೊಳ್ಳಲಿ.

ತಂತಿಪೆಟ್ಟಿಗೆ:
ನಿಧಾನ ಆಗಿರುವುದಕ್ಕೆ ನಾನು ಹೇಳುತ್ತೇನೆ. 4ಜಿ, 5ಜಿ ಫೋನ್ ಎರಡು ಅಥವಾ ಜಾಸ್ತಿ ಆಂಟೆನಾಗಳಿಂದ ಒಟ್ಟಿಗೆ ಡೇಟಾ ತರುತ್ತದೆ. ಬೂಸ್ಟರ್‌ನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ದಾರಿ. ಹಾಗಾಗಿ ಸಂಖ್ಯೆ ಮೇಲೇರುತ್ತದೆ, ವೇಗ ಇಳಿಯುತ್ತದೆ. ಸಿಗ್ನಲ್ ತೀರಾ ಕಡಿಮೆ ಇರುವಲ್ಲಿ ಬೂಸ್ಟರ್ ಆನ್ ಮಾಡಿ, ಸುಮಾರಾಗಿ ಇದ್ದರೆ ಆಫ್ ಮಾಡಿ ನೋಡಿ. ಸಂಜೆ ಹೊತ್ತಲ್ಲಿ ಮಾತ್ರ ನಿಧಾನ ಅಂದರೆ ಟವರ್ ಮೇಲೆ ಜನ ಜಾಸ್ತಿ ಅಂತ ಅರ್ಥ, ಅದಕ್ಕೆ ಬೂಸ್ಟರ್ ಏನೂ ಮಾಡಲಾರದು. ಆಗ ಬೇರೆ ಕಂಪನಿಯ ಸಿಮ್ ಇದ್ದರೆ ಕೆಲಸಕ್ಕೆ ಬರುತ್ತದೆ.

ಮುಂದೆ ಆದಾಗ ಸಿಮ್ ಹಾಕುವ ರೂಟರ್ ತಗೊಳ್ಳಿ, ಟಾಪ್ ಮೇಲೆ ನಾಲ್ಕು ದಾರಿಯ ಆಂಟೆನಾ ಹಾಕಿ. ಫೋನಿನಲ್ಲಿ ವೈಫೈ ಕಾಲಿಂಗ್ (ರೂಟರ್‌ನ ವೈಫೈ ಮೂಲಕವೇ ಕಾಲ್ ಮಾಡುವುದು) ಆನ್ ಮಾಡಿದರೆ ಗಾಡಿಯ ಯಾವ ಮೂಲೆಯಲ್ಲಿ ಕೂತರೂ ಮಾತಾಡಬಹುದು. ಎಷ್ಟೋ ಜನಕ್ಕೆ ಬೂಸ್ಟರ್‌ಗಿಂತ ಇದೇ ಸರಿ ಅಂತ ನನಗನ್ನಿಸುತ್ತದೆ.

ಗಾಲಿಮನೆ:
ನೀವು ಹೇಳಿದ್ದು ನಿಜ, ಆಫ್ ಮಾಡಿದರೆ ಬೆಳಗಿನ ಹೊತ್ತು ಇಂಟರ್ನೆಟ್ ಚುರುಕಾಗಿದೆ. ಕಾಲ್ ಇದ್ದಾಗ ಮಾತ್ರ ಆನ್ ಮಾಡುತ್ತಿದ್ದೇವೆ. ಇವತ್ತು ಒಂದೂವರೆ ಗಂಟೆಯ ಮೀಟಿಂಗ್ ಒಳಗೇ ಕೂತು ಮುಗಿಸಿದಳು. ಹೊರಡುವ ಮುಂಚೆ ಕಂಬ ಇಳಿಸಬೇಕು ಅಂತ ಸ್ಟೀರಿಂಗ್ ಮೇಲೆ ಅವಳೇ ಒಂದು ಚೀಟಿ ಅಂಟಿಸಿದ್ದಾಳೆ.