‘ಫುಲ್ಲರ್ ಹೌಸ್’ ಕೊನೆಯ ಕಂತನ್ನು ನೋಡಬೇಕೇ, ಬಿಡಬೇಕೇ? ನೋಡಿದವರು ಅನುಭವ ತಿಳಿಸಿ

ಅಕ್ಕ ಮತ್ತು ತಂಗಿ

ನಮಸ್ಕಾರ. ಹೆಂಡತಿಯನ್ನು ಕಳೆದುಕೊಂಡ ಡ್ಯಾನಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಕಥೆಯ ಅಮೆರಿಕದ ಹಾಸ್ಯ ಧಾರಾವಾಹಿ ‘ಫುಲ್ ಹೌಸ್’ ಅನ್ನು ನಾನೂ ನನ್ನ ತಂಗಿಯೂ ಚಿಕ್ಕಂದಿನಲ್ಲಿ ನೋಡಿಕೊಂಡು ಬೆಳೆದವರು. ಅದರ ಮುಂದುವರಿಕೆಯಾದ ‘ಫುಲ್ಲರ್ ಹೌಸ್’ ಅನ್ನು ದಿನಕ್ಕೊಂದರಂತೆ ಜೊತೆಗೆ ಕುಳಿತು ನೋಡುತ್ತಾ ಬಂದು, 75 ಕಂತುಗಳಲ್ಲಿ 74ನ್ನು ಮುಗಿಸಿದ್ದೇವೆ. ಕೊನೆಯದು ನಿರಾಸೆಗೊಳಿಸುತ್ತದೆ ಎಂದು ಕೇಳಿದ್ದೇನೆ. ಇನ್ನೊಂದು ವಿಷಯವೂ ಇದೆ. ತಂಗಿಯ ನಿಶ್ಚಿತಾರ್ಥ ಎರಡು ತಿಂಗಳ ಹಿಂದೆ ಮುರಿದುಬಿದ್ದಿದೆ, ಆ ಕಂತಿನಲ್ಲಾದರೋ ಒಂದಲ್ಲ, ಮೂರು ಮದುವೆಗಳು. ಅವಳಿಗೆ ತೋರಿಸಲೇ, ಏನಾದರೂ ನೆಪ ಹೇಳಿ ಮುಂದೂಡಲೇ? ನೀವು ಏನು ಮಾಡಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಲೆಕ್ಕಿಗ

ನಾನು ಏನು ಕಳೆದುಕೊಂಡೆ ಎಂಬುದನ್ನು ಮಾತ್ರ ಹೇಳುತ್ತೇನೆ, ತೀರ್ಮಾನ ನಿಮಗೆ ಬಿಟ್ಟದ್ದು. ಮುಕ್ತಾಯಕ್ಕೆ ಸಿದ್ಧನಾಗಬೇಕೆಂದು ಮೂಲ ಧಾರಾವಾಹಿಯ 192 ಕಂತುಗಳನ್ನೂ ಮೊದಲಿನಿಂದ ನೋಡಿದೆ. ಕಂತಿಗೆ 23 ನಿಮಿಷ ಎಂದರೂ 73 ಗಂಟೆ ದಾಟುತ್ತದೆ, ಅದಕ್ಕೆ ಹನ್ನೊಂದು ವಾರಗಳು ಹಿಡಿದವು. ಆಮೇಲೆ 2020ರ ಜೂನ್ 2ರಂದು ಕೊನೆಯ ಒಂಬತ್ತು ಕಂತುಗಳು ಒಟ್ಟಿಗೆ ಬಿಡುಗಡೆಯಾದಾಗ, ಅದಕ್ಕೆಂದೇ ನೆಟ್‌ಫ್ಲಿಕ್ಸ್ ಚಂದಾವನ್ನು ಇನ್ನೊಂದು ತಿಂಗಳಿಗೆ ನವೀಕರಿಸಿ, ರಾತ್ರಿ ಹತ್ತಕ್ಕೆ ಕುಳಿತವನು ಎರಡೂವರೆಗೆ ಎದ್ದೆ. ಮರುದಿನ ಕೆಲಸಕ್ಕೆ ತಡವಾಗಿ ಹೋಗಿ ಮಾತು ಕೇಳಿದ್ದು ಬೇರೆ.

ಇಷ್ಟಕ್ಕೆಲ್ಲ ದೊರೆತದ್ದಾದರೂ ಏನು? ಹಿರಿಯ ಮಗಳು ಡಿ.ಜೆ. ಮತ್ತು ಸ್ಟೀವ್, ಎರಡನೆಯವಳು ಸ್ಟೆಫನಿ ಮತ್ತು ಜಿಮ್ಮಿ, ಡಿ.ಜೆ.ಯ ಗೆಳತಿ ಕಿಮ್ಮಿ ಮತ್ತು ಫರ್ನಾಂಡೊ, ಈ ಮೂರು ಜೋಡಿಗಳ ಮದುವೆ ಒಂದೇ ಮಂಟಪದಲ್ಲಿ, ಒಂದೇ ಕಂತಿನಲ್ಲಿ. 1987ರಿಂದ ಜೊತೆಗೆ ಬಂದ ಡಿ.ಜೆ.ಯ ಬಾಳಿಗೆ ಸಿಕ್ಕ ಪಾಲು ಕೆಲವೇ ನಿಮಿಷಗಳು. ಸೋದರಮಾವನ ಹೆಂಡತಿ ಬೆಕಿ ಅತ್ತೆಯಂತೂ ಮದುವೆಗೇ ಬರಲಿಲ್ಲ. 2019ರ ಮಾರ್ಚ್‌ನಲ್ಲಿ ಕಾಲೇಜು ಪ್ರವೇಶ ಹಗರಣದಲ್ಲಿ ಆ ನಟಿಯ ಮೇಲೆ ಆರೋಪ ಬಂದ ಬಳಿಕ ಆಕೆ ಐದನೆಯ ಸೀಸನ್ನಿನಲ್ಲಿ ಕಾಣಿಸಲೇ ಇಲ್ಲ, ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ಕಿರಿಯ ಮಗಳು ಮಿಶೆಲ್‌ಳ ವಿಷಯ. ಮೂಲ ಧಾರಾವಾಹಿ 1995ರಲ್ಲಿ ಮುಗಿದದ್ದೇ ಮಿಶೆಲ್ ಕುದುರೆಯಿಂದ ಬಿದ್ದು ನೆನಪು ಕಳೆದುಕೊಂಡು, ಮತ್ತೆ ಪಡೆಯುವ ಕಥೆಯಿಂದ. ಇಲ್ಲಿ 75 ಕಂತುಗಳು ಉರುಳಿದರೂ ಆ ಹುಡುಗಿ ಒಮ್ಮೆಯೂ ಮನೆಗೆ ಬರಲಿಲ್ಲ. ಮೊದಲ ಕಂತಿನಲ್ಲಿ, ಅವಳು ನ್ಯೂಯಾರ್ಕಿನಲ್ಲಿ ಫ್ಯಾಷನ್ ಉದ್ಯಮದಲ್ಲಿ ಮುಳುಗಿದ್ದಾಳೆ ಎಂದು ಹೇಳಿ ಎಲ್ಲರೂ ಕ್ಯಾಮೆರಾದತ್ತ ದಿಟ್ಟಿಸಿದಾಗ ನಾನೂ ನಕ್ಕಿದ್ದೆ. ಕೊನೆಯ ಕಂತು ಮುಗಿಯುವ ಹೊತ್ತಿಗೆ ಆ ನಗು ನನ್ನನ್ನೇ ಅಣಕಿಸುವಂತಿತ್ತು.

ನಡುವೆಯೇ ಎದ್ದವಳು

ನಾನು ಆ ಕಂತನ್ನು ನೋಡಿಲ್ಲ, ನೋಡುವುದೂ ಇಲ್ಲ, ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಐದನೆಯ ಸೀಸನ್ ಎರಡು ಭಾಗಗಳಾಗಿ ಬಂತಲ್ಲವೇ? 2019ರ ಡಿಸೆಂಬರ್‌ನಲ್ಲಿ ಮೊದಲ ಒಂಬತ್ತು ಕಂತುಗಳು ಮುಗಿದಾಗ ಡಿ.ಜೆ.ಗೆ ಸ್ಟೀವ್ ಸಿಕ್ಕಿದ್ದ, ಸ್ಟೆಫನಿಯ ಮಡಿಲಲ್ಲಿ ಕಿಮ್ಮಿ ಹೆತ್ತುಕೊಟ್ಟ ಮಗುವಿತ್ತು. ಮನೆ ತುಂಬಿತ್ತು, ಇನ್ನೇನು ಬೇಕು? ಅಲ್ಲಿಗೇ ನಿಲ್ಲಿಸಿದೆ.

ಹಾಗೆ ನಿಲ್ಲಿಸುವುದು ಸುಲಭ ಎಂದುಕೊಳ್ಳಬೇಡಿ. ಗೆಳತಿಯರ ಗುಂಪಿನಿಂದ ಹೊರಬಂದೆ, ಏಕೆಂದರೆ ಅಲ್ಲಿ ಎಲ್ಲರೂ ಮದುವೆಯ ಉಡುಪುಗಳ ಚಿತ್ರಗಳನ್ನು ಹಾಕುತ್ತಿದ್ದರು. ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಯಜಮಾನರು ಯಾವ ಪ್ರಸಂಗವೂ ಇಲ್ಲದೆ, ‘ಮೂರೂ ಜೋಡಿಗಳ ಮದುವೆ ಆಗಿಹೋಯಿತಂತೆ’ ಎಂದುಬಿಟ್ಟರು. ಆರು ತಿಂಗಳ ಸಂಯಮ ಒಂದು ತುತ್ತಿನಲ್ಲಿ ಹೋಯಿತು. ಆ ವಾರ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ.

ಲೆಕ್ಕಿಗ

ನೋಡದ ಕಂತಿನ ಬಗ್ಗೆ ಸಲಹೆ ಕೊಡುವ ಧೈರ್ಯವನ್ನು ಮೆಚ್ಚಬೇಕು.

ನಡುವೆಯೇ ಎದ್ದವಳು

ನಾನು ಸಲಹೆ ಕೊಟ್ಟಿಲ್ಲ, ಅನುಭವ ಹೇಳಿದ್ದೇನೆ. ಕೇಳಿದ್ದೂ ಅದನ್ನೇ. ಹನ್ನೊಂದು ವಾರ ಕುಳಿತು ಕೊನೆಗೆ ಕೊರಗುವುದಕ್ಕಿಂತ ಸಮಯಕ್ಕೆ ಸರಿಯಾಗಿ ಏಳುವುದು ಮೇಲು.

ಹಳೆಯ ಸೋಫಾ

ಮೂರು ಮದುವೆಗಳಿಗೇ ಇಷ್ಟು ಸಂಕಟಪಡುವವರು ‘ಯಂಗ್ ಶೆಲ್ಡನ್’ನ ಕೊನೆಯನ್ನು ನೋಡಿದ್ದರೆ ಏನು ಹೇಳುತ್ತಿದ್ದಿರೋ. ‘ದಿ ಬಿಗ್ ಬ್ಯಾಂಗ್ ಥಿಯರಿ’ಯ ವಿಜ್ಞಾನಿ ಶೆಲ್ಡನ್‌ನ ಬಾಲ್ಯದ ಕಥೆ ಅದು, ನಾನು ಅದನ್ನು ನನ್ನ ತಂದೆಯವರ ಜೊತೆ ನೋಡಿದವನು. ‘ದಿ ಬಿಗ್ ಬ್ಯಾಂಗ್ ಥಿಯರಿ’ಯ 279 ಕಂತುಗಳನ್ನು ಮೊದಲೇ ಕಂಡಿದ್ದರಿಂದ, ಶೆಲ್ಡನ್‌ಗೆ 14 ವರ್ಷವಾದಾಗ ಅವನ ತಂದೆ ತೀರಿಕೊಳ್ಳುತ್ತಾರೆಂಬುದು ನಮಗೆ ಗೊತ್ತಿತ್ತು. ಏಳು ಸೀಸನ್ ಉದ್ದಕ್ಕೂ ಆ ಸಾವು ಬಾಗಿಲ ಹೊರಗೆ ನಿಂತೇ ಇತ್ತು. ಕೊನೆಯ ಸೀಸನ್ನಿನಲ್ಲಿದ್ದದ್ದು 14 ಕಂತುಗಳು ಮಾತ್ರ. ಹನ್ನೆರಡನೆಯದರ ಅಂತ್ಯದಲ್ಲಿ, ಎಲ್ಲರೂ ಕುಟುಂಬದ ಚಿತ್ರ ತೆಗೆಸಿಕೊಳ್ಳಲು ಸಿದ್ಧರಾಗಿ ತಂದೆ ಜಾರ್ಜ್‌ನಿಗಾಗಿ ಕಾಯುತ್ತಿರುವಾಗ ಸುದ್ದಿ ಬಂತು. ನನ್ನ ತಂದೆಯವರು ಟಿವಿ ಆರಿಸಿ, ‘ಇಲ್ಲಿಗೆ ಸಾಕಪ್ಪಾ’ ಎಂದರು. ಅವರ ಮಾತು ಕೇಳಬೇಕಿತ್ತು.

ಕೇಳಲಿಲ್ಲ. 2024ರ ಮೇ 16ರಂದು ಒಂದೇ ರಾತ್ರಿ ಎರಡು ಕಂತುಗಳು ಬಂದವು. ಮೊದಲನೆಯದು ಅಂತ್ಯಕ್ರಿಯೆಯದು. ಮನೆಯಿಂದ ಹೊರಟ ತಂದೆಗೆ ತಾನು ಒಂದು ಮಾತೂ ಆಡಲಿಲ್ಲವಲ್ಲ ಎಂದು ಆ ಹುಡುಗ ಅದೇ ಕ್ಷಣವನ್ನು ಮನಸ್ಸಿನಲ್ಲಿ ಬೇರೆ ಬೇರೆ ರೀತಿಯಲ್ಲಿ ನಡೆಸಿ ನೋಡುತ್ತಾನೆ. ಅಷ್ಟಕ್ಕೇ ಮುಗಿಸಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ. ಎರಡನೆಯದರಲ್ಲಿ ದೊಡ್ಡವನಾದ ಶೆಲ್ಡನ್ ಮತ್ತು ಅವನ ಹೆಂಡತಿ ಏಮಿ ಬಂದು ಆತ್ಮಕಥೆ ಬರೆಯುವ ಬಗ್ಗೆಯೂ ಮಗನ ಹಾಕಿ ಆಟದ ಬಗ್ಗೆಯೂ ಚರ್ಚಿಸುತ್ತಾರೆ. ಸೂತಕದ ಮನೆಗೆ ಬಂದ ನೆಂಟರು ತಮ್ಮ ಮನೆಯ ಸುದ್ದಿ ಹೇಳಿಕೊಂಡು ಕುಳಿತಂತಾಯಿತು. ಶೆಲ್ಡನ್‌ನ ಅವಳಿ ಸೋದರಿ ಮಿಸ್ಸಿಯ ದುಃಖಕ್ಕೆ ಜಾಗವೇ ಉಳಿಯಲಿಲ್ಲ.

ಲೆಕ್ಕಿಗ

ವಿಷಯಾಂತರವಾಗುತ್ತಿದೆ. ‘ಯಂಗ್ ಶೆಲ್ಡನ್’ನಲ್ಲಿ ಪ್ರೇಕ್ಷಕರ ನಗುವೇ ಇಲ್ಲ. ಜನರ ಮುಂದೆ ಚಿತ್ರೀಕರಿಸಿದ ‘ಫುಲ್ಲರ್ ಹೌಸ್’ನ ಜೊತೆ ಅದನ್ನು ತೂಗುವುದು ಸರಿಯಲ್ಲ. ಅಲ್ಲದೆ, ಶೆಲ್ಡನ್ 13ನೆಯ ವಯಸ್ಸಿನಲ್ಲಿ ತಂದೆಯನ್ನು ಪರಸ್ತ್ರೀಯ ಜೊತೆ ಕಂಡನೆಂದು ‘ದಿ ಬಿಗ್ ಬ್ಯಾಂಗ್ ಥಿಯರಿ’ಯಲ್ಲಿ ಹೇಳಿದ್ದನ್ನು, ಅವಳು ವಿಗ್ ತೊಟ್ಟ ತಾಯಿಯೇ ಎಂದು ತಿರುಚಿದ ಧಾರಾವಾಹಿಯಿಂದ ನೀವು ಪ್ರಾಮಾಣಿಕ ಮುಕ್ತಾಯವನ್ನು ನಿರೀಕ್ಷಿಸಿದ್ದೇ ತಪ್ಪು.

ಹಳೆಯ ಸೋಫಾ

ಅದು ತಿರುಚಿದ್ದಲ್ಲ, ಹುಡುಗನೊಬ್ಬನ ತಪ್ಪು ತಿಳಿವಳಿಕೆಯನ್ನು ತಿದ್ದಿದ್ದು. ಏಳು ವರ್ಷ ನಮ್ಮ ಕಣ್ಣೆದುರು ಒಳ್ಳೆಯ ತಂದೆಯಾಗಿ ಬಾಳಿದ ಮನುಷ್ಯನ ಮೇಲೆ, ಹಿಂದೆ ಯಾರೋ ತಮಾಷೆಗೆಂದು ಬರೆದ ಒಂದು ಸಾಲಿಗಾಗಿ ಕಳಂಕ ಹೊರಿಸಬೇಕಿತ್ತೇ? ನಗು ಕೇಳಿಸಿದರೆ ಮಾತ್ರ ಹಾಸ್ಯವೆಂದು ಗುರುತಿಸುವವರಿಗೆ ಇದನ್ನು ವಿವರಿಸುವುದು ಕಷ್ಟ.

ಲೆಕ್ಕಿಗ

ವೈಯಕ್ತಿಕ ನಿಂದನೆ ಬೇಡ.

ಚಾತಕ

ನಿಮಗೆಲ್ಲ ಕನಿಷ್ಠ ಪಕ್ಷ ಅಂತ್ಯ ಎಂದು ಕರೆಯಬಹುದಾದ ಒಂದು ಅಂತ್ಯ ಸಿಕ್ಕಿತು. ‘ಬಾಯ್ ಮೀಟ್ಸ್ ವರ್ಲ್ಡ್’ನ ಮುಂದುವರಿಕೆಯಾದ ‘ಗರ್ಲ್ ಮೀಟ್ಸ್ ವರ್ಲ್ಡ್’ ನೋಡಿದ ನಮ್ಮ ಪಾಡು ಕೇಳಿ. 2017ರ ಜನವರಿ 4ರಂದು ಧಾರಾವಾಹಿ ರದ್ದಾದ ಸುದ್ದಿ ಬಂತು, 20ರಂದು ಕೊನೆಯ ಕಂತು ಪ್ರಸಾರವಾಯಿತು. ನಾಯಕಿಯ ತಾಯಿ ಟೋಪಾಂಗಾಳಿಗೆ ಲಂಡನ್ನಿನಲ್ಲಿ ಕೆಲಸ, ಕುಟುಂಬವೆಲ್ಲ ಹೊರಡಬೇಕೇ ಎಂಬ ಆತಂಕ, ಕೊನೆಗೆ ಹೋಗುವುದಿಲ್ಲ ಎಂಬ ನಿರ್ಧಾರ. ಒಂದು ಸೀಸನ್ ಮುಗಿಸಲು ತಕ್ಕ ಕಥೆಯೇ ಹೊರತು 72 ಕಂತುಗಳ ಧಾರಾವಾಹಿಯನ್ನು ಮುಗಿಸುವ ಕಥೆಯಲ್ಲ ಅದು. ಮೂಲದಲ್ಲಿ ನಾಯಕನ ತಂಗಿ ಮಾರ್ಗನ್ ಪಾತ್ರವನ್ನು ಒಬ್ಬರ ನಂತರ ಒಬ್ಬರಂತೆ ಮಾಡಿದ ಇಬ್ಬರು ನಟಿಯರನ್ನೂ ಒಟ್ಟಿಗೆ ಕರೆತಂದು ನಗಿಸಿದರು, ನಿಜ. ಆದರೆ ಮರುವಾರವೂ ಅದೇ ಹೊತ್ತಿಗೆ ಟಿವಿಯ ಮುಂದೆ ಹೋಗಿ ಕುಳಿತ ನನ್ನನ್ನು ಕಂಡು ಅಣ್ಣ ನಕ್ಕದ್ದು ಇನ್ನೂ ನೆನಪಿದೆ.

ನಡುವೆಯೇ ಎದ್ದವಳು

ಇದನ್ನೇ ನಾನು ಹೇಳಿದ್ದು. ಬೇರೆಯವರು ನಿಲ್ಲಿಸುವ ಮೊದಲು ನಾವೇ ನಿಲ್ಲಿಸಬೇಕು.

ಲೆಕ್ಕಿಗ

ನಿಮ್ಮ ವಾದ ಒಂದು ವಿಷಯದಲ್ಲಿ ಸೋಲುತ್ತದೆ. ಮನೆಯ ಹಿರಿಯ ಡ್ಯಾನಿಯಾಗಿ ನಟಿಸಿದ ಬಾಬ್ ಸಾಗೆಟ್ 2022ರ ಜನವರಿಯಲ್ಲಿ ತೀರಿಕೊಂಡರು. ಮೂವರು ಹೆಣ್ಣುಮಕ್ಕಳನ್ನು ಸಾಕಿದ ಆ ತಂದೆ ಇಬ್ಬರು ಮಕ್ಕಳ ಮದುವೆಯಲ್ಲಿ ನಿಂತಿರುವುದನ್ನು ನೀವು ನೋಡಲಿಲ್ಲ, ನಾನು ನೋಡಿದ್ದೇನೆ. ಕಂತು ಕಳಪೆ ಎಂಬ ಮಾತಿಗೆ ನಾನು ಈಗಲೂ ಬದ್ಧ. ಆದರೂ ಆ ಸುದ್ದಿ ಬಂದ ರಾತ್ರಿ ನಾನು ಹುಡುಕಿ ಹಾಕಿದ್ದು ಅದೇ ಕಂತನ್ನು.

ನಡುವೆಯೇ ಎದ್ದವಳು

ಮೂರನೆಯ ಮಗಳು ಬರಲಿಲ್ಲ ಎಂದು ಈಗಷ್ಟೇ ಅತ್ತವರು ನೀವೇ ಅಲ್ಲವೇ?

ಅಕ್ಕ ಮತ್ತು ತಂಗಿ

ಎಲ್ಲರಿಗೂ ಧನ್ಯವಾದಗಳು. ನಾನು ಕೇಳಿದ್ದು ತಂಗಿಯ ವಿಷಯ, ಅದನ್ನು ಯಾರೂ ಮುಟ್ಟಲಿಲ್ಲ, ಇರಲಿ. ನೀವೆಲ್ಲ ವಾದಿಸುತ್ತಿದ್ದಾಗ ಅವಳು ನಿನ್ನೆ ರಾತ್ರಿ ಒಬ್ಬಳೇ ಕುಳಿತು ಅದನ್ನು ನೋಡಿ ಮುಗಿಸಿದ್ದಾಳೆ. ಅತ್ತಿರಬಹುದೆಂದು ಹೆದರಿ ಬೆಳಿಗ್ಗೆ ಮೆಲ್ಲಗೆ ಕೇಳಿದೆ. ಮೂರರಲ್ಲಿ ಒಂದಾದರೂ ಮುರಿದುಬೀಳಬಹುದೆಂದು ಕೊನೆಯ ನಿಮಿಷದವರೆಗೂ ಕಾದಳಂತೆ, ಆಗಲಿಲ್ಲವೆಂಬುದೇ ಅವಳಿಗೆ ನಿರಾಸೆ.

ಲೆಕ್ಕಿಗ

ಮಿಶೆಲ್ ಬಗ್ಗೆ ಏನೂ ಹೇಳಲಿಲ್ಲವೇ?