ಚಳಿಗಾಲದ ಓಟ: ಡಾಕ್ಟರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಈ ವಾರದ ಪ್ರಶ್ನೋತ್ತರ ಚಳಿಯಲ್ಲಿ ಓಟ ಬಿಡದೆ ನಡೆಸಿಕೊಂಡು ಹೋಗುವ ಬಗ್ಗೆ. ವಯಸ್ಸು, ಓಡುವ ಜಾಗ, ಓಡುವ ಹೊತ್ತು ಬರೆಯಿರಿ. ತೊಂದರೆ ಇದ್ದರೆ ಅದು ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದನ್ನೂ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಬನವಾಸಿ ರೋಡ್: ನಮಸ್ಕಾರ ಮೇಡಂ. ವಯಸ್ಸು 36, ಶಿರಸಿ. ಬೆಳಿಗ್ಗೆ 5.30ರ ಓಟ ಡಿಸೆಂಬರಿನಿಂದ ನಿಂತೇ ಹೋಗಿದೆ. ಎಷ್ಟು ಬಟ್ಟೆ ಹಾಕಬೇಕು? ವಾರ್ಮ್ ಅಪ್ ಎಷ್ಟು ಹೊತ್ತು?

ಡಾಕ್ಟರ್: ನಮಸ್ಕಾರ. ಶಿರಸಿಯ 14–15 ಡಿಗ್ರಿಗೆ ಸ್ವೆಟರ್ ಬೇಡ. ಬೆವರು ಹೀರಿ ಒದ್ದೆಯಾಗಿ, ನಿಂತ ಕೂಡಲೇ ಮೈ ನಡುಗಿಸುತ್ತದೆ. ಬೇಗ ಒಣಗುವ ತೆಳು ಟೀ ಶರ್ಟ್, ಮೇಲೊಂದು ವಿಂಡ್‌ಚೀಟರ್ ಸಾಕು. ಗೇಟು ದಾಟುವಾಗ ಸ್ವಲ್ಪ ಚಳಿ ಅನಿಸಬೇಕು, ಬೆಚ್ಚಗೆ ಅನಿಸಿದರೆ ಬಟ್ಟೆ ಹೆಚ್ಚಾಯಿತು ಅಂತ. ಹತ್ತು ನಿಮಿಷದ ನಂತರ ವಿಂಡ್‌ಚೀಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿ.

ವಾರ್ಮ್ ಅಪ್ ಮನೆಯೊಳಗೇ, 8–10 ನಿಮಿಷ: ನಿಂತಲ್ಲೇ ನಡಿಗೆ, ಹಿಮ್ಮಡಿ ಎತ್ತಿ ಇಳಿಸುವುದು 20 ಸಲ, ಒಂದೊಂದು ಕಾಲು ಹಿಂದೆ ಮುಂದೆ ಬೀಸುವುದು 10 ಸಲ, ಅರ್ಧ ಬಸ್ಕಿ 15. ಬಗ್ಗಿ ಕಾಲು ಹಿಡಿದು ಎಳೆಯುವ ಸ್ಟ್ರೆಚಿಂಗ್ ಓಟ ಮುಗಿದ ಮೇಲೆ. ಮೊದಲ ಕಿಲೋಮೀಟರ್ ಮಾಮೂಲಿಗಿಂತ ಒಂದು ನಿಮಿಷ ನಿಧಾನ. ಬಿಟ್ಟು ತಿಂಗಳಾಗಿದ್ದರೆ ಹಿಂದಿನ ದೂರದ ಅರ್ಧದಿಂದ ಶುರು ಮಾಡಿ.

ಮತ್ತೆ, ಜನವರಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂರ್ಯ ಹುಟ್ಟುವುದೇ ಸುಮಾರು 7 ಗಂಟೆಗೆ. 5.30ರ ಹಠ ಯಾಕೆ? ಸಂಜೆ 5.30ಕ್ಕೆ ಓಡಿದರೂ ಅದು ಓಟವೇ.

ಕೋಡಿಬಾಗದವ: 14 ಡಿಗ್ರಿಗೆ ಇಷ್ಟೆಲ್ಲ ಸಂಭ್ರಮವಾ! ಕಾರವಾರದಲ್ಲಿ ನಾವು ಜನವರಿಯಲ್ಲೂ ಫ್ಯಾನ್ ಹಾಕ್ಕೊಂಡು ಮಲಗುದು 😄

ಬನವಾಸಿ ರೋಡ್: ಒಂದು ದಿನ ಘಟ್ಟ ಹತ್ತಿ ಬನ್ನಿ ಮಾರಾಯ್ರೆ, ಕೋಟೆಕೆರೆ ಸುತ್ತ ಬೆಳಿಗ್ಗೆ 6ಕ್ಕೆ ಎರಡು ಸುತ್ತು ಓಡಿಸ್ತೇನೆ. ಆಮೇಲೆ ಫ್ಯಾನಿನ ಮಾತು.

ಹೊನ್ನಾವರ: ಮೇಡಂ, ನೆಗಡಿ ಇದ್ದಾಗ ಓಡಬಹುದಾ?

ಡಾಕ್ಟರ್: ಮೂಗು, ಗಂಟಲಿನಷ್ಟೇ ಆದರೆ ನಿಧಾನವಾಗಿ ಅರ್ಧ ದೂರ ಓಡಿ. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಓಟ ಬಂದ್. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದಿದ್ದ ಮೇಲೆ ಮೊದಲು ನಡಿಗೆ.

ಯಲ್ಲಾಪುರ ಮಾಸ್ತರು: ವಯಸ್ಸು 51. ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ, ಕಂಟ್ರೋಲಿನಲ್ಲಿದೆ. ದಿನಾ 5 ಕಿ.ಮೀ. ಓಡುತ್ತೇನೆ. ಈ ಚಳಿ ಶುರುವಾದ ಮೇಲೆ ಮೊದಲ ಏರು ಹತ್ತುವಾಗ ಎದೆಯ ನಡುವೆ ಕೈ ಊರಿ ಒತ್ತಿದ ಹಾಗೆ, ದವಡೆಯೂ ಬಿಗಿ. 3–4 ನಿಮಿಷ ನಡೆದರೆ ಹೋಗುತ್ತದೆ. ಆಮೇಲೆ ಉಳಿದ 4 ಕಿ.ಮೀ. ಆರಾಮ. ಸಂಜೆ ಓಡಿದರೆ ಏನೂ ಇಲ್ಲ. ಗ್ಯಾಸ್ ಇರಬೇಕೆಂದು ಜೀರಿಗೆ ನೀರು ಕುಡಿಯುತ್ತಿದ್ದೇನೆ. ವಾರ್ಮ್ ಅಪ್ ಜಾಸ್ತಿ ಮಾಡಿದರೆ ಸರಿಹೋಗಬಹುದೇ?

ಡಾಕ್ಟರ್: ಮಾಸ್ತರೇ, ನಾಳೆ ಬೆಳಿಗ್ಗೆ ಓಡಬೇಡಿ. ನಾಳೆಯೇ ಇಸಿಜಿ ಮಾಡಿಸಿ.

ಏರು ಹತ್ತಿದಾಗ ಬಂದು, ನಿಧಾನವಾದಾಗ ಹೋಗುವ ಒತ್ತಡ ಗ್ಯಾಸ್ ಅಲ್ಲ. ಗ್ಯಾಸಿಗೆ ಏರು ಇಳಿಜಾರು ಗೊತ್ತಾಗುವುದಿಲ್ಲ. ದವಡೆಗೂ ಹೋಗುತ್ತಿದೆ ಎಂದರೆ ಬೇರೆ ಎಂದು ಸಾಬೀತಾಗುವ ತನಕ ಹೃದಯದ್ದೇ ಎಂದು ಹಿಡಿಯಬೇಕು.

ಚಳಿಯಲ್ಲಿ ಚರ್ಮದ ರಕ್ತನಾಳ ಬಿಗಿಯುತ್ತವೆ, ಬಿಪಿ ಏರುತ್ತದೆ, ಹೃದಯ ಅದೇ ಏರಿಗೆ ಹೆಚ್ಚು ಒತ್ತಿ ಪಂಪ್ ಮಾಡಬೇಕು. ಅದರ ಸ್ನಾಯುವಿಗೆ ರಕ್ತ ಕೊಡುವ ನಾಳ ಕಿರಿದಾಗಿದ್ದರೆ ಅದೂ ಚಳಿಗೆ ಇನ್ನಷ್ಟು ಬಿಗಿಯುತ್ತದೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ಆಗ ಬರುವುದೇ ಈ ಒತ್ತಡ. ಮೈ ಕಾದ ಮೇಲೆ ನಾಳಗಳು ಸಡಿಲಾಗುತ್ತವೆ, ಸ್ನಾಯು ಆ ಕೊರತೆಗೆ ಸ್ವಲ್ಪ ಹೊಂದಿಕೊಳ್ಳುತ್ತದೆ, ಉಳಿದ ನಾಲ್ಕು ಕಿಲೋಮೀಟರ್ ಆರಾಮ ಅನಿಸುತ್ತದೆ. ಕಿರಿದಾದ ನಾಳ ಕಿರಿದಾಗಿಯೇ ಇರುತ್ತದೆ. ಸಂಜೆ ಬರದಿರುವುದಕ್ಕೂ ಇದೇ ಕಾರಣ: ಗಾಳಿ ಬೆಚ್ಚಗೆ, ಮೈ ಹಗಲಿಡೀ ಓಡಾಡಿದ್ದು. ‘ಉಳಿದ 4 ಕಿ.ಮೀ. ಆರಾಮ’ ಎನ್ನುವುದನ್ನು ನೀವು ಸಮಾಧಾನಕ್ಕೆ ಬರೆದಿದ್ದೀರಿ. ನನಗೆ ಚಿಂತೆ ಹಚ್ಚಿದ್ದು ಅದೇ ಸಾಲು. ಸಕ್ಕರೆ ಕಾಯಿಲೆಯಲ್ಲಿ ನರಗಳು ಮಂದವಾಗಿ ನೋವು ಕಡಿಮೆ ಗೊತ್ತಾಗುವುದುಂಟು. ಹಾಗಾಗಿ ‘ಸ್ವಲ್ಪವೇ’ ಎಂದು ಅಳೆಯಬೇಡಿ.

ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂದರೂ ಅಲ್ಲಿಗೆ ಬಿಡಬೇಡಿ. ಇಲ್ಲಿ ಬರೆದದ್ದನ್ನು ಹಾಗೆಯೇ ವೈದ್ಯರಿಗೆ ಹೇಳಿ, ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆಯುವ ಇಸಿಜಿ) ಯಾವುದು ಬೇಕೆಂದು ಅವರು ನಿರ್ಧರಿಸಲಿ. ಒತ್ತಡ ಸುಮ್ಮನೆ ಕುಳಿತಾಗ ಬಂದರೆ, ಅಥವಾ ಕುಳಿತ ಮೇಲೂ 10 ನಿಮಿಷಕ್ಕೆ ಹೋಗದಿದ್ದರೆ, ಜೊತೆಗೆ ತಣ್ಣನೆ ಬೆವರು, ಉಬ್ಬಸ ಇದ್ದರೆ 108. ಆಸ್ಪಿರಿನ್ ಅಲರ್ಜಿ, ಹೊಟ್ಟೆಹುಣ್ಣಿನ ರಕ್ತಸ್ರಾವ ಇಲ್ಲದವರು 300 ಮಿ.ಗ್ರಾಂ. ಆಸ್ಪಿರಿನ್ ಜಗಿದು ನುಂಗಬೇಕು. ಬೈಕ್ ಹತ್ತಿ ನೀವೇ ಹೊರಡಬೇಡಿ.

ಅಂಕೋಲಾ ಅಣ್ಣ: ಮಾಸ್ತರಿಗೆ ಉಪಯೋಗ ಆಗಲಿ ಅಂತ ಹಾಕಿದ್ದು 🙏 ‘ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಾ ಇರಿ, ಜೀವ ಉಳಿಯುತ್ತದೆ. ಕರ್ಪೂರ, ಲವಂಗ, ಓಮ ಗಂಟು ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದೆ. ಹತ್ತು ಜನರಿಗೆ ಕಳಿಸಿ.’

ಡಾಕ್ಟರ್: ಫಾರ್ವರ್ಡ್ ಬೇಡ ಎಂದು ಮೇಲೆ ಬರೆದಿದೆ. ಕೆಮ್ಮಿದರೆ ರಕ್ತನಾಳದ ಹೆಪ್ಪು ಕರಗುವುದಿಲ್ಲ. 108ಕ್ಕೆ ಫೋನ್ ಮಾಡಿದ್ದರೆ, ಕೆಮ್ಮುತ್ತಾ ಕೂತ ಹೊತ್ತಿನಲ್ಲಿ ಆಂಬುಲೆನ್ಸ್ ಅರ್ಧ ದಾರಿ ಬಂದಿರುತ್ತದೆ. ಕರ್ಪೂರದಿಂದ ಆಕ್ಸಿಜನ್ ಏರುವುದಿಲ್ಲ, ಮೂಗು ತೆರೆದಂತೆ ಅನಿಸುತ್ತದೆ, ಅಷ್ಟೇ. ಆ ಗಂಟನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರುತ್ತದೆ.

ಅಂಕೋಲಾ ಅಣ್ಣ: ಒಳ್ಳೆಯದಕ್ಕೆ ಹಾಕಿದ್ದು ಮೇಡಂ. ನಮ್ಮ ಹಿರಿಯರೆಲ್ಲ ಮಾಡ್ತಿದ್ದದ್ದೇ.

ಕುಮಟಾ: ಆಸ್ಪಿರಿನ್ ಬದಲು ಸಾರ್ಬಿಟ್ರೇಟ್ (ಎದೆನೋವಿಗೆ ನಾಲಿಗೆ ಕೆಳಗಿಡುವ ಮಾತ್ರೆ) ಜೇಬಿನಲ್ಲಿ ಇಟ್ಟುಕೊಂಡು ಓಡಬಹುದಲ್ಲ?

ಡಾಕ್ಟರ್: ನಿಮಗೆಂದು ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ, ಅದೂ ಕೂತು. ಬಿಪಿ ಇಳಿಸುತ್ತದೆ, ನಿಂತು ನಾಲಿಗೆ ಕೆಳಗೆ ಇಟ್ಟುಕೊಂಡರೆ ರಸ್ತೆಯಲ್ಲೇ ಬೀಳುತ್ತೀರಿ. ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡು 24 ಗಂಟೆ ಆಗುವ ತನಕ ಅದನ್ನು ಮುಟ್ಟಲೇಬಾರದು.

ಬನವಾಸಿ ರೋಡ್: ಇಸಿಜಿ, 108 ಎಲ್ಲ ಸರಿ ಮೇಡಂ, ಆಮೇಲೆ? ಹುಬ್ಬಳ್ಳಿಗೋ ಮಂಗಳೂರಿಗೋ ತಾನೇ ಓಡಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಅಂತ ಎಷ್ಟು ವರ್ಷದಿಂದ ಕೂಗುವುದು?

ಕೋಡಿಬಾಗದವ: ಬಂದರೂ ಶಿರಸಿಗೆ ಬೇಕು ಅಂತ ನೀವು, ಕುಮಟಾಕ್ಕೆ ಅಂತ ಅವರು. ಜಗಳದಲ್ಲೇ ಹೋಗುದು ಅದು. ನಾವು ಗೋವಾ ಹಾದಿ ಹಿಡಿದಾಯ್ತು.

ಕುಮಟಾ: ಜಿಲ್ಲೆಯ ನಕ್ಷೆ ನೋಡಿ ಮಾತಾಡಿ. ಭಟ್ಕಳದವ ಕಾರವಾರಕ್ಕೆ ಬರೂಕಾಗ್ತದಾ?

ಬನವಾಸಿ ರೋಡ್: ಹಳಿಯಾಳದವ ಕುಮಟಾಕ್ಕೆ ಇಳೀಬೇಕಾ ಹಾಗಾದ್ರೆ?

ಡಾಕ್ಟರ್: ಆಸ್ಪತ್ರೆ ಎಲ್ಲಿ ಬೇಕೆನ್ನುವುದನ್ನು ಬೇರೆ ಕಡೆ ಚರ್ಚಿಸಿ. ಇಲ್ಲಿ ಓದುವವರಿಗೆ ಬೇಕಾದದ್ದು ಇಷ್ಟು: ಎದೆನೋವಿನವರನ್ನು ಕಾರಿನಲ್ಲಿ ಹಾಕಿಕೊಂಡು ನೇರ ಹುಬ್ಬಳ್ಳಿಗೆ ಹೊರಡಬೇಡಿ. ಮೊದಲು ಹತ್ತಿರದ ಇಸಿಜಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ. ಅದನ್ನು ಬಿಟ್ಟು ಘಟ್ಟದ ತಿರುವುಗಳಲ್ಲಿ ಎರಡು ತಾಸು ಕಳೆದರೆ ಅಷ್ಟು ಹೊತ್ತು ಸ್ನಾಯು ಸಾಯುತ್ತಿರುತ್ತದೆ.

ಗೋಕರ್ಣ: ಮೇಡಂ, ಹಿಮ್ಮಡಿ ಒಡೆದು ಓಡಲು ಕಷ್ಟ. ಏನು ಹಚ್ಚಲಿ?

ಘಟ್ಟ ಇಳಿಯುವವ: ವಯಸ್ಸು 24, ಶಿರಸಿಯಲ್ಲಿ ಕೆಲಸ, ಮನೆ ಕುಮಟಾ. ಶಿರಸಿಯಲ್ಲಿ ಬೆಳಿಗ್ಗೆ 6ಕ್ಕೆ ಓಡುವಾಗ ಏನೂ ಇಲ್ಲ. ಮುಗಿಸಿ 5–10 ನಿಮಿಷಕ್ಕೆ ಒಣ ಕೆಮ್ಮು, ಎದೆ ಬಿಗಿ, ಅರ್ಧ ಗಂಟೆಯಲ್ಲಿ ತಾನೇ ಹೋಗುತ್ತದೆ. ಶನಿವಾರ ಮನೆಗೆ ಬಂದು ಅಷ್ಟೇ ದೂರ ಓಡಿದರೆ ಕೆಮ್ಮಿಲ್ಲ. ಇದೂ ಹೃದಯವಾ?

ಡಾಕ್ಟರ್: ಇಲ್ಲ ತಮ್ಮಾ. ನೀವು ಬರೆದ ಹೊತ್ತೇ ಅರ್ಧ ಉತ್ತರ ಕೊಡುತ್ತದೆ. ನಿಂತ ಮೇಲೆ ಶುರುವಾಗಿ ಅರ್ಧ ಗಂಟೆಗೆ ಇಳಿಯುವುದು ಶ್ವಾಸನಾಳ ಬಿಗಿಯುವ ಲಕ್ಷಣ. ಓಡುವಾಗ ಬಾಯಿಂದ ಎಳೆದ ಗಾಳಿಯನ್ನು ಶ್ವಾಸನಾಳ ಬಿಸಿ ಮಾಡಿ, ತೇವ ತುಂಬಿ ಒಳಗೆ ಬಿಡಬೇಕು. ಆ ತೇವ ಅದರ ಒಳಪದರದಿಂದಲೇ ಹೋಗುತ್ತದೆ. ಪದರ ಒಣಗಿದಾಗ ಕೆರಳಿ ಸ್ನಾಯು ಬಿಗಿಯುತ್ತದೆ.

ಬನವಾಸಿ ರೋಡ್: ಶಿರಸಿಯಲ್ಲಿ ಬೆಳಿಗ್ಗೆ ಇಬ್ಬನಿ ತೊಟ್ಟಿಕ್ಕುತ್ತದೆ ಮೇಡಂ. ನೂರಕ್ಕೆ ನೂರು ತೇವಾಂಶ. ಒಣ ಗಾಳಿ ಎಲ್ಲಿಂದ ಬಂತು?

ಡಾಕ್ಟರ್: ಒಳ್ಳೆಯ ಪ್ರಶ್ನೆ. ನೂರಕ್ಕೆ ನೂರು ಎಂದರೆ ಆ ಉಷ್ಣತೆಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲಷ್ಟು ಪೂರ್ತಿ ಇದೆ ಎಂದಷ್ಟೇ ಅರ್ಥ. 14 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದು ಸುಮಾರು 12 ಗ್ರಾಂ ನೀರಾವಿ. ಕುಮಟಾದ 22 ಡಿಗ್ರಿಯಲ್ಲಿ 19 ಗ್ರಾಂ. ಶ್ವಾಸಕೋಶದೊಳಗೆ 37 ಡಿಗ್ರಿಗೆ ಬೇಕಾದದ್ದು 44 ಗ್ರಾಂ. ಶಿರಸಿಯ ಮಂಜಿನಲ್ಲೂ 32 ಗ್ರಾಂ ಒಳಗಿನಿಂದಲೇ ತುಂಬಬೇಕು, ಕುಮಟಾದಲ್ಲಿ 25. ಮಂಜಿನ ಹನಿಗಳು ಈ ಲೆಕ್ಕವನ್ನು ಹೆಚ್ಚೇನೂ ಬದಲಿಸುವುದಿಲ್ಲ. ಇನ್ನೊಂದು, ಬೆಳಿಗ್ಗೆ 6ಕ್ಕೆ ಎಲ್ಲರ ಬಚ್ಚಲ ಒಲೆ ಒಟ್ಟಿಗೆ ಹೊತ್ತುತ್ತದೆ, ತೋಟದ ಬದಿ ದರಕಿಗೆ (ಒಣ ಎಲೆಗೆ) ಬೆಂಕಿ ಹಾಕಿರುತ್ತಾರೆ. ನೆಲದ ಹತ್ತಿರದ ತಂಪು ಗಾಳಿಯಲ್ಲಿ ಆ ಹೊಗೆ ಮೇಲೇಳದೆ ಓಡುವವರ ಮೂಗಿನ ಮಟ್ಟದಲ್ಲೇ ಹಾಸಿಕೊಂಡಿರುತ್ತದೆ.

ತಮ್ಮಾ, ಹೀಗೆ ಮಾಡಿ. ಔಷಧಿ ಅಂಗಡಿಯಲ್ಲಿ ಊದಿದ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಸಿಗುತ್ತದೆ. ಓಡುವ ಮೊದಲು ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಬರೆಯಿರಿ. ಓಡಿ ನಿಂತು 5, 10, 15 ನಿಮಿಷಕ್ಕೆ ಮತ್ತೆ ಊದಿ. 15 ಶೇಕಡಾಕ್ಕಿಂತ ಹೆಚ್ಚು ಇಳಿದರೆ ಆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ. ಒಂದು ವಾರ ಶಿರಸಿಯಲ್ಲಿ, ಒಂದು ಶನಿವಾರ ಕುಮಟಾದಲ್ಲಿ ಬರೆಯಿರಿ. ನನಗೂ ನೋಡುವ ಕುತೂಹಲವಿದೆ. ಅಲ್ಲಿಯವರೆಗೆ ಮೂಗು ಬಾಯಿಗೆ ತೆಳು ಬಟ್ಟೆ, 7.30ರ ನಂತರ ಓಟ. ವಾರ್ಮ್ ಅಪ್‌ನಲ್ಲಿ 30 ಸೆಕೆಂಡಿನ ಜೋರು ಓಟ ಆರು ಸಲ, ನಡುವೆ ಒಂದೂವರೆ ನಿಮಿಷ ನಡಿಗೆ. ಹೀಗೆ ಮೊದಲೇ ಸ್ವಲ್ಪ ಕೆರಳಿಸಿದರೆ ಮುಂದಿನ ಒಂದೆರಡು ತಾಸು ನಾಳ ಅಷ್ಟು ಬಿಗಿಯುವುದಿಲ್ಲ. ಕೆಲವರಿಗೆ ಇಷ್ಟೇ ಸಾಕಾಗುತ್ತದೆ.

ಹೊನ್ನಾವರ: ಇನ್ಹೇಲರ್ ಮಾತ್ರ ಶುರು ಮಾಡ್ಬೇಡ ತಮ್ಮಾ. ಹಿಡಿದರೆ ಬಿಡೂಕಾಗುದಿಲ್ಲ. ಕಾಳುಮೆಣಸಿನ ಕಷಾಯ ಸಾಕು.

ಡಾಕ್ಟರ್: ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಶ್ವಾಸನಾಳ ಅದರಿಂದ ತೆರೆಯುವುದಿಲ್ಲ. ಇನ್ಹೇಲರ್ ಚಟ ಹಿಡಿಸುವುದಿಲ್ಲ. ಯಾವ ಇನ್ಹೇಲರ್, ಎಷ್ಟು ಎನ್ನುವುದನ್ನು ಪರೀಕ್ಷಿಸಿದ ವೈದ್ಯರು ಹೇಳುತ್ತಾರೆ. ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಸಾಲ್ಬುಟಮಾಲ್ (ಬಿಗಿದ ನಾಳವನ್ನು ಬೇಗ ಸಡಿಲಿಸುವ ಇನ್ಹೇಲರ್) ಬೇಕಾದರೆ ಅದೊಂದೇ ಸಾಲದು, ಒಳಗಿನ ಉರಿಯೂತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್ ಬೇಕಾಗುತ್ತದೆ. ಇದನ್ನು ಈ ಗುಂಪಿನಲ್ಲಿ ಎಷ್ಟನೇ ಸಲ ಬರೆಯುತ್ತಿದ್ದೇನೋ.

ಹೊನ್ನಾವರ: ನಾವು ಹೇಳಿದ್ದೆಲ್ಲ ತಪ್ಪೇ ಆಯ್ತು ಬಿಡಿ.

ಸಿದ್ದಾಪುರ: ಸೊಪ್ಪಿನ ಬೆಟ್ಟದ ಕಾಲುದಾರಿಯಲ್ಲಿ ಓಡುತ್ತೇನೆ. ಮಂಗನ ಕಾಯಿಲೆ ಹರಡುವ ಉಣುಗಿನ (ಉಣ್ಣೆಯ) ಭಯ. ಬೇವಿನೆಣ್ಣೆ ಹಚ್ಚಿದರೆ ಸಾಕಾ?

ಡಾಕ್ಟರ್: ಸಾಲದು. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಉದ್ದ ಪ್ಯಾಂಟ್, ಸಾಕ್ಸ್ ಅದರ ಮೇಲೆ ಎಳೆದುಕೊಳ್ಳಿ. ದರಕಿನ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು. ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು ನೋಡಿಕೊಳ್ಳಿ. ಮಂಗ ಸತ್ತ ಸುದ್ದಿ ಇದ್ದರೆ ಆ ದಾರಿ ಬಿಡಿ. ಬೆಟ್ಟಕ್ಕೆ ಹೋದವರಿಗೆ ಮುಂದಿನ ಹತ್ತು ಹನ್ನೆರಡು ದಿನದಲ್ಲಿ ತಲೆನೋವಿನ ಜ್ವರ ಬಂದರೆ ‘ಬೆಟ್ಟಕ್ಕೆ ಹೋಗಿದ್ದೆ’ ಎಂದು ವೈದ್ಯರಿಗೆ ಮೊದಲು ಹೇಳಿ. ಆ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವ ಹೆಚ್ಚಾಗುತ್ತದೆ. ಮಾಸ್ತರಿಗೆ ಹೇಳಿದ ಆಸ್ಪಿರಿನ್ ಎದೆನೋವಿಗೆ. ಎರಡನ್ನೂ ಕಲಸಬೇಡಿ.

ಕಾರವಾರ ಅಕ್ಕ: ಬೀಚಿನಲ್ಲಿ ಬರಿಗಾಲಲ್ಲಿ ಓಡಬಹುದಾ?

ಡಾಕ್ಟರ್: ಒದ್ದೆ ಗಟ್ಟಿ ಮರಳಿನಲ್ಲಿ ಮಾತ್ರ. ಮೊದಲ ವಾರ 10 ನಿಮಿಷ.

ಕೋಡಿಬಾಗದವ: ಅದು ಇಳಿತದ ಹೊತ್ತಿಗೆ ಮಾತ್ರ ಅಕ್ಕ. ಭರತ ಇಳಿತ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳ್ತದೆ. ಈ ವಾರ 6 ಗಂಟೆಗೆ ಇಳಿತ ಇದ್ರೆ ಮುಂದಿನ ವಾರ ಅದೇ ಹೊತ್ತಿಗೆ ಭರತ, ಮೆತ್ತನೆ ಓರೆ ಮರಳು ಬಿಟ್ರೆ ಜಾಗ ಇಲ್ಲ. ಆ ವಾರ ಮಾಲಾದೇವಿ ಮೈದಾನಕ್ಕೆ ಹೋಗಿ. ದಂಡೆ ಸಮುದ್ರದ ಬದಿಗೆ ಇಳಿಜಾರು ಇರುದ್ರಿಂದ ಒಂದೇ ಬದಿಗೆ ಓಡಿದ್ರೆ ಒಂದೇ ಸೊಂಟ ನೋಯ್ತದೆ, ಹೋದಷ್ಟೇ ದೂರ ತಿರುಗಿ ಬನ್ನಿ. ರಂಪಣಿ ಬಲೆ ಎಳೆಯುವಲ್ಲಿ ಹಗ್ಗ ನೋಡ್ಕೊಳ್ಳಿ.

ಅಂಕೋಲಾ ಅಣ್ಣ: ಬರಿಗಾಲಲ್ಲಿ ಓಡಿದ್ರೆ ಮಂಡಿ ಚಿಪ್ಪು ಬೆಳೀತದೆ ಅಂತ ಒಂದು ವಿಡಿಯೋ ಇದೆ. ಹಾಕ್ಲಾ?

ಕೋಡಿಬಾಗದವ: ಬೇಡ ಮಾರಾಯ.

ಮುಂಡಗೋಡ: ಮಗನಿಗೆ ಪೊಲೀಸ್ ಭರ್ತಿ, 1600 ಮೀಟರ್ 6 ನಿಮಿಷ 30 ಸೆಕೆಂಡಿನಲ್ಲಿ ಬೇಕು. ಚಳಿಯಲ್ಲಿ 7 ಆಗುತ್ತದೆ. ಏನು ತಿನ್ನಿಸಬೇಕು?

ಭಟ್ಕಳ: ಮೇಡಂ, ನೆಗಡಿ ಇದ್ದಾಗ ಓಡಬಹುದಾ?

ಡಾಕ್ಟರ್: ಮೇಲೆ ಇದೆ. ಓದಿ.

ಯಲ್ಲಾಪುರ ಮಾಸ್ತರು: ಇಸಿಜಿ ಮಾಡಿಸಿದೆ ಮೇಡಂ, ನಾರ್ಮಲ್ ಬಂತು. ನೀವು ಬರೆದದ್ದನ್ನು ಓದಿ ಹೇಳಿದೆ. ಗುರುವಾರ ಟಿಎಂಟಿಗೆ ಬರೆದಿದ್ದಾರೆ. ಅಲ್ಲಿಯವರೆಗೆ ಸಂಜೆ ಓಡಲೇ? ಸಂಜೆ ಬರುವುದಿಲ್ಲವಲ್ಲ.

ಡಾಕ್ಟರ್: ಬೇಡ. ಸಮತಟ್ಟು ರಸ್ತೆಯಲ್ಲಿ, ಬಿಸಿಲು ಬಂದ ಮೇಲೆ, ಮಾತಾಡುತ್ತಾ ನಡೆಯುವಷ್ಟು ಮಾತ್ರ. ಒಬ್ಬರೇ ಹೋಗಬೇಡಿ. ಗುರುವಾರ ಪರೀಕ್ಷೆಗೆ ಎರಡು ಮೂರು ತಾಸು ಮೊದಲು ಹೊಟ್ಟೆ ತುಂಬ ತಿನ್ನಬೇಡಿ. ಸಕ್ಕರೆ ಮಾತ್ರೆ ಯಾವ ಹೊತ್ತಿಗೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಓಡುವ ಶೂ ಒಯ್ಯಿರಿ. ಟ್ರೆಡ್‌ಮಿಲ್ ಮೇಲೆ ಒತ್ತಡ ಬಂದರೆ ಪರೀಕ್ಷೆ ಪೂರ್ತಿ ಮುಗಿಸುವ ಹಠದಲ್ಲಿ ತಡೆದುಕೊಳ್ಳದೆ ಬಂದ ಕ್ಷಣಕ್ಕೇ ಹೇಳಿ. ಅವರಿಗೆ ಬೇಕಾದದ್ದು ಆ ಕ್ಷಣದ ಇಸಿಜಿ.